ಲಿಲಾವಿನಲ್ಲಿ ಅಪ್ಪ ತಂದ ಎಮ್ಮೆ

ಮೊಮ್ಮಗಳಿಗೆ ಶಾಲೆಯಲ್ಲಿ ಬಾಯಿ ಇರಲಿಲ್ಲ. ಮನೆಯಲ್ಲಿ ಬೇಕಾದಷ್ಟಿತ್ತು. ತಾಯಿಯ ಮೇಲೆ ಕೂಗುವಷ್ಟು, ನನ್ನ ಸಾರಿಗೆ ಖಾರ ಜಾಸ್ತಿ ಎಂದು ತಟ್ಟೆ ಸರಿಸುವಷ್ಟು. ಶಾಲೆಯಲ್ಲಿ ಎದ್ದು ನಿಂತು ನಾಲ್ಕು ಮಾತಾಡು ಅಂದರೆ ಮಾತ್ರ ಹೊಟ್ಟೆನೋವು. ಹದಿನೈದು ವರ್ಷದ ಹುಡುಗಿ, ಒಂಬತ್ತನೇ ಕ್ಲಾಸು. ಇತಿಹಾಸದ ಪಾಠದಲ್ಲಿ ಎರಡು ಸಲ ಹಾಗೆ ಹೊಟ್ಟೆ ಹಿಡಿದುಕೊಂಡು ಮನೆಗೆ ಬಂದಳು. ಆಮೇಲೆ ಶಾಲೆಯಿಂದ ಪತ್ರ ಬಂತು. ಇನ್ನೊಂದು ಸಲ ಎಲ್ಲರ ಎದುರು ನಿಂತು ಹೇಳದಿದ್ದರೆ ಇತಿಹಾಸದಲ್ಲಿ ಫೇಲು ಅಂತ. ಸ್ಟಾಕ್‌ಹೋಮಿನಲ್ಲಿ ಅವಳಿಗೊಂದು ಶಾಲೆಗೆ ಸೇರಬೇಕಿತ್ತು, ಚಿತ್ರ ಬರೆಯುವುದನ್ನು ಕಲಿಸುವಂಥದ್ದು. ಒಂದರಲ್ಲಿ ಫೇಲಾದರೂ ಅಲ್ಲಿಗೆ ಬೇಕಾದ ಮಾರ್ಕು ಕೂಡುವುದಿಲ್ಲವಂತೆ.

ನಾನು ಆಗ ಮಗಳ ಮನೆಗೆ ಮೂರು ತಿಂಗಳಿಗೆಂದು ಬಂದಿದ್ದೆ. ಸ್ಟಾಕ್‌ಹೋಮಿನ ಪಕ್ಕದ ಸುಂಡ್‌ಬೀಬರ್ಯ್ ಎಂಬ ಊರಿನಲ್ಲಿ ನಾಲ್ಕನೇ ಮಾಳಿಗೆ, ಬಾಡಿಗೆ ಮನೆ. ಮಗಳು, ಅಳಿಯ, ಈ ಹುಡುಗಿ. ಎಂಬತ್ತಕ್ಕೆ ಹತ್ತಿರವಾದ ನನಗೆ ಅಲ್ಲಿ ಕೆಲಸವೇನೂ ಇಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಕೂತು ಹಿಮ ಕರಗಿ ಕೆಸರಾಗುವುದನ್ನು ನೋಡುವುದು, ಬೆಳ್ಳುಳ್ಳಿ ಸುಲಿಯುವುದು. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಇದನ್ನೆಲ್ಲ ಬರೆಯುವಾಗ ಒತ್ತಕ್ಷರ ತಪ್ಪಿದ ಕಡೆ ಮಗಳು ತಿದ್ದಿದ್ದಾಳೆ. ವಿಷಯ ತಿದ್ದಬೇಡ ಅಂತ ಹೇಳಿದ್ದೇನೆ.

ಪತ್ರ ಬಂದ ದಿನ ಸಂಜೆ ಊಟದ ಮೇಜಿನ ಮೇಲೆ ಅದೇ ಮಾತು.

"ಯಾವ ಪಾಠ ಕೊಟ್ಟಿದಾರೆ?" ಅಂದ ಅಳಿಯ.

"ಅಮೆರಿಕಾ," ಅಂದಳು ಹುಡುಗಿ. "ಬ್ರಿಟಿಷರು ಟ್ಯಾಕ್ಸ್ ಹಾಕಿದ್ದು, ಜನ ಸಿಟ್ಟಾಗಿದ್ದು, ರೆವಲ್ಯೂಷನ್ ಆಗಿದ್ದು. ಬೋರಿಂಗ್."

"ನನಗೂ ಹೇಳು," ಅಂದೆ ನಾನು. "ಬೋರು ಆಗ್ತದೋ ಇಲ್ವೋ ನೋಡ್ವ."

ಅವಳು ಅನ್ನ ಕೆದಕುತ್ತಾ ಹೇಳಿದಳು. ಅಮೆರಿಕದಲ್ಲಿದ್ದ ಜನ ಬ್ರಿಟಿಷ್ ರಾಜನ ಪ್ರಜೆಗಳೇ. ರಾಜನಿಗೆ ಯುದ್ಧ ಮಾಡಿ ಸಾಲವಾಯಿತು. ಅದಕ್ಕೆ ಇವರ ಕಾಗದಪತ್ರದ ಮೇಲೆ ಕರ ಹಾಕಿದರು, ಚಹಾದ ಮೇಲೆ ಹಾಕಿದರು. ಕರ ಹಾಕುವ ಸಭೆಯಲ್ಲಿ ನಮ್ಮವರು ಒಬ್ಬರೂ ಇಲ್ಲ, ನಾವ್ಯಾಕೆ ಕೊಡಬೇಕು ಅಂದರು ಇವರು. ಬೋಸ್ಟನ್ ಬಂದರಿನಲ್ಲಿ ಹಡಗು ಹತ್ತಿ ಚಹಾದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಸುರಿದರು. ರಾಜ ಸೈನ್ಯ ಕಳಿಸಿದ. ಯುದ್ಧವಾಯಿತು. ಬೇರೆ ದೇಶವೇ ಆಯಿತು.

"ಇಷ್ಟು ಚೆಂದ ಹೇಳ್ತೀಯಲ್ಲ, ಅಲ್ಲಿ ಹೇಳಲಿಕ್ಕೆ ಏನು ಧಾಡಿ?"

"ಅಲ್ಲಿ ಇಪ್ಪತ್ತೆಂಟು ಜನ ನನ್ನ ಮುಖ ನೋಡ್ತಾರೆ ಅಜ್ಜಿ."

ಅಳಿಯನ ಕಣ್ಣು ಹೊಳೆಯಿತು. "ನಮ್ಮನೇಲೇ ಇದೆಯಲ್ಲೇ ಕತೆ! ಉಪ್ಪಿನ ಕರ, ಭೂಮಿ ಕರ. ನಮ್ಮಜ್ಜ ಜೈಲಿಗೆ ಹೋದೋರು. ನಿನ್ನ ಅಜ್ಜಿ ಮನೆ ಎಮ್ಮೆ ಜಪ್ತಿ ಆಗಿತ್ತು. ಅಮೆರಿಕಾದ್ದೂ ಹೇಳು, ಅದರ ಜೊತೆ ಇದೂ ಹೇಳು. ಅಜ್ಜೀನೇ ಕರ್ಕೊಂಡು ಹೋಗು. ಎಲ್ರೂ ಅವರ ಮುಖ ನೋಡ್ತಾರೆ, ನಿನ್ನ ಮುಖ ಯಾರು ನೋಡ್ತಾರೆ?"

ಹುಡುಗಿ ತಲೆ ಎತ್ತಿದಳು. ಪತ್ರ ಬಂದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಬಣ್ಣ ಬಂತು. ನನ್ನ ಮುಖದಲ್ಲಿದ್ದದ್ದು ಹೋಯಿತು.

ಅಳಿಯ ಮರುದಿನವೇ ಟೀಚರಿಗೆ ಬರೆದ. ನಮ್ಮ ಅತ್ತೆ ಸ್ವಾತಂತ್ರ್ಯ ಹೋರಾಟದ ಮನೆಯವರು, ಶಾಲೆಗೆ ಬರುತ್ತಾರೆ ಅಂತ. ಟೀಚರಿಗೆ ಖುಷಿಯಾಯಿತಂತೆ. ಬರಲಿ, ಆದರೆ ಹುಡುಗಿ ಮೊದಲು ಅಜ್ಜಿಯನ್ನು ಪ್ರಶ್ನೆ ಕೇಳಿ ಬರೆದುಕೊಳ್ಳಬೇಕು ಎಂದು ಒಂದು ಹಾಳೆ ಕೊಟ್ಟು ಕಳಿಸಿದಳು. ಆ ದೇಶದ ಶಾಲೆಗಳಲ್ಲಿ ಅದೊಂದು ಪದ್ಧತಿ. ಯಾರು ಏನೇ ಹೇಳಲಿ, ಪುಸ್ತಕವೇ ಹೇಳಲಿ, ಮೊದಲು ಅನುಮಾನ ಪಡಬೇಕು. ಶೆಲ್‌ಕ್ರಿಟಿಕ್ ಅನ್ನುತ್ತಾರೆ ಅದಕ್ಕೆ. ಮಕ್ಕಳಿಗೆ ಸಣ್ಣವರಿದ್ದಾಗಿನಿಂದ ಕಲಿಸುತ್ತಾರೆ. ನಮ್ಮ ಕಾಲದಲ್ಲಿ ದೊಡ್ಡವರ ಮಾತಿಗೆ ಹಾಗೆ ಕೇಳಿದ್ದರೆ ಕೆನ್ನೆ ಊದುತ್ತಿತ್ತು.

ಶನಿವಾರ ಮಧ್ಯಾಹ್ನ. ಅಳಿಯ ಬಟ್ಟೆ ಒಗೆಯಲು ಕೆಳಗಿನ ನೆಲಮನೆಗೆ ಹೋಗಿದ್ದ. ಅಲ್ಲಿ ಇಡೀ ಕಟ್ಟಡಕ್ಕೆ ಒಂದೇ ಮಷೀನು, ಪಾಳಿ ಹಚ್ಚಿ ಒಗೆಯಬೇಕು. ಮಗಳು ಒಲೆಯ ಹತ್ತಿರ ದೋಸೆ ಹೊಯ್ಯುತ್ತಿದ್ದಳು. ಹುಡುಗಿ ಹಾಳೆ ಹಿಡಿದು ನನ್ನ ಎದುರು ಪೊಲೀಸಿನವಳ ಹಾಗೆ ಕೂತಳು.

"ಒಂದು. ಹೇಳ್ತಿರೋರು ಆ ಜಾಗದಲ್ಲಿ ಇದ್ರಾ?"

"ಇದ್ದೆ."

"ಎರಡು. ಆಗ ವಯಸ್ಸೆಷ್ಟು?"

"ಆರೋ ಏಳೋ. ಹಲ್ಲು ಬಿದ್ದಿತ್ತು."

"ಮೂರು. ನೀನೇ ಕಣ್ಣಲ್ಲಿ ನೋಡಿದ್ದು ಯಾವುದು, ಯಾರೋ ಹೇಳಿದ್ದು ಯಾವುದು?"

"ಎಮ್ಮೆ ಕಣ್ಣಲ್ಲೇ ನೋಡಿದ್ದು. ಅಷ್ಟು ದೊಡ್ಡ ಪ್ರಾಣಿ ಕಾಣದೆ ಇರ್ತದಾ?"

ಮಗಳು ನಕ್ಕಳು. ಹುಡುಗಿ ನಗಲಿಲ್ಲ. ಬರೆದುಕೊಂಡಳು.

"ನಾಲ್ಕು. ಹೀಗೆ ಹೇಳೋದ್ರಿಂದ ಹೇಳೋರಿಗೆ ಏನು ಲಾಭ?"

ನನ್ನ ಜನ್ಮದಲ್ಲಿ ಯಾರೂ ನನಗೆ ಆ ಪ್ರಶ್ನೆ ಕೇಳಿರಲಿಲ್ಲ. ಇಪ್ಪತ್ತು ವರ್ಷದ ಹತ್ತಿರ ಆ ಕತೆ ಹೇಳಿಕೊಂಡು ಬಂದಿದ್ದೆ. ಹೂಂಗುಟ್ಟಿದವರೇ ಎಲ್ಲ. ಅಳಿಯ ಅಂತೂ ಅಲ್ಲಿನ ಕನ್ನಡದವರ ಯುಗಾದಿ ಊಟದಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ದ. ಸುಳ್ಳು ಊಟದ ಹೊತ್ತಿನಲ್ಲಿ ಹೇಗೋ ನಡೆಯುತ್ತದೆ. ಇದು ಹುಡುಗಿಯ ಪರೀಕ್ಷೆ. ನಾಳೆ ಯಾರಾದರೂ ಹೀಗೆಯೇ ಎರಡು ಪ್ರಶ್ನೆ ಹೆಚ್ಚಿಗೆ ಕೇಳಿದರೆ ಅವಳು ಎಲ್ಲರ ಎದುರು ತಡವರಿಸಬೇಕು. ಒಮ್ಮೆ ಅಲ್ಲಿ ತಡವರಿಸಿದರೆ ಮತ್ತೆ ಜೀವಮಾನದಲ್ಲಿ ಬಾಯಿ ತೆರೆಯುವವಳಲ್ಲ.

"ಲಾಭ ಆಯ್ತು," ಅಂದೆ. "ನಿನ್ನ ಅಮ್ಮನ ಮದುವೆ ಆಯ್ತು."

ದೋಸೆ ಹೊಯ್ಯುತ್ತಿದ್ದ ಸೌಟು ನಿಂತಿತು. "ಏನಮ್ಮ ಅದು?"

"ಎಮ್ಮೆ ನಮ್ಮದಾಗಿರಲಿಲ್ಲ," ಅಂದೆ. "ಆಚೆಮನೆಯವರದ್ದು. ಜಪ್ತಿಯಾಗಿದ್ದು ಅವರದ್ದು. ಲಿಲಾವಿನಲ್ಲಿ ಕೂಗಿ ತಂದವ ನನ್ನ ಅಪ್ಪ."

ಆಮೇಲೆ ಹೇಳಿದೆ. ಹೇಳಲು ಶುರು ಮಾಡಿದ ಮೇಲೆ ಕಷ್ಟವೇನೂ ಆಗಲಿಲ್ಲ.

ನಮ್ಮದು ಅಂಕೋಲೆ ಕಡೆಯ ಊರು. ಮನೆಯಿಂದ ಕೂಗಳತೆಗೆ ಉಪ್ಪಿನ ಆಗರ. ಸಮುದ್ರದ ನೀರು, ಸೂರ್ಯನ ಬಿಸಿಲು, ನಮ್ಮ ಕೈ. ಉಪ್ಪಾಗುತ್ತದೆ. ಅದರ ಮೇಲೂ ಸರಕಾರಕ್ಕೆ ಕರ. ಜನ ಮಡಕೆಯಲ್ಲಿ ನೀರು ತಂದು ಕಾಯಿಸಿ ಉಪ್ಪು ಮಾಡಿ ಪೊಲೀಸರ ಎದುರೇ ಹಂಚಿದರು. ಪೆಟ್ಟು ತಿಂದರು, ಜೈಲಿಗೆ ಹೋದರು. ಅದಾದ ಮೇಲೆ ಭೂಮಿಯ ತೀರ್ವೆಯನ್ನೂ ಕೊಡುವುದಿಲ್ಲ ಅಂದರು. ಕೊಡದಿದ್ದರೆ ಮಾಮಲೇದಾರನ ಕಡೆಯವರು ಬಂದು ಜಪ್ತಿ ಮಾಡುತ್ತಿದ್ದರು. ಹಂಡೆ, ತಪ್ಪಲೆ, ಭತ್ತ, ದನ, ಬಾಗಿಲ ಚೌಕಟ್ಟು ಸಹ. ಜಪ್ತಿ ಮಾಡಿದ್ದನ್ನು ಲಿಲಾವು ಹಾಕುವುದು, ಅಂದರೆ ಹರಾಜು. ಯಾರಾದರೂ ಕೂಗಿದರೆ ಹಣ ಸರಕಾರಕ್ಕೆ.

ಊರವರು ಒಂದು ಕಟ್ಟು ಮಾಡಿದ್ದರು. ಲಿಲಾವಿನಲ್ಲಿ ಯಾರೂ ಕೂಗಬಾರದು. ಕೂಗಿದವನ ಮನೆಗೆ ಬೆಂಕಿ ಇಲ್ಲ, ಕ್ಷೌರ ಇಲ್ಲ, ಕೆಲಸಕ್ಕೆ ಆಳಿಲ್ಲ, ಮದುವೆಗೆ ಹೆಣ್ಣಿಲ್ಲ.

ಅಪ್ಪ ಕೂಗಿದ. ಯಾಕೆ ಅಂದರೆ ಅಗ್ಗವಾಗಿತ್ತು. ಬೇರೆ ಕಾರಣ ನಾನು ಹುಡುಕಿದ್ದೇನೆ, ಸಿಕ್ಕಿಲ್ಲ. ಮನೆಯಲ್ಲಿ ನಾವು ಐದು ಮಕ್ಕಳು, ಹಾಲಿಲ್ಲ, ಅದು ನಿಜ. ಆದರೆ ಆಚೆಮನೆಯಲ್ಲೂ ಮಕ್ಕಳಿದ್ದರು. ಅವರ ಗಂಡಸು ಜೈಲಿನಲ್ಲಿದ್ದ.

ಎಮ್ಮೆ ತಂದು ಕಟ್ಟಿದ ಮೇಲೆ ಅಪ್ಪನಿಗೆ ತನ್ನ ಬುದ್ಧಿ ಗೊತ್ತಾಯಿತು. ಜಪ್ತಿಗೆ ಬಂದವರು ಎಮ್ಮೆಯನ್ನು ಬರೆದುಕೊಂಡಿದ್ದರು, ಕರುವನ್ನು ಬರೆದುಕೊಂಡಿರಲಿಲ್ಲ. ಕರು ಆಚೆಮನೆಯಲ್ಲೇ ಉಳಿಯಿತು. ಕರು ಇಲ್ಲದೆ ಎಮ್ಮೆ ಒಂದು ತೊಟ್ಟು ಹಾಲು ಇಳಿಸಲಿಲ್ಲ. ಅವ್ವ ತವಡು ಇಟ್ಟಳು, ಬೆನ್ನು ನೀವಿದಳು. ಊಹೂಂ. ಬೇಲಿಯ ಆ ಕಡೆಯಿಂದ ಕರು ಕೂಗುವುದು, ಈ ಕಡೆಯಿಂದ ಎಮ್ಮೆ ಕೂಗುವುದು.

ಎರಡನೇ ದಿನ ಬೆಳಿಗ್ಗೆ ಆಚೆಮನೆ ದೊಡ್ಡವ್ವ ಬಂದು ನಮ್ಮ ಮೆಟ್ಟಿಲ ಮೇಲೆ ಕೂತಳು. ಬೈಯಲಿಲ್ಲ, ಅಳಲಿಲ್ಲ. ಕೂತಳು ಅಷ್ಟೇ. ಆ ಕಾಲದಲ್ಲಿ ಹೆಂಗಸರು ಹಾಗೆ ಮಾಡುತ್ತಿದ್ದರು. ಜಪ್ತಿಯ ಮಾಲು ಕೊಂಡವರ ಬಾಗಿಲಲ್ಲಿ ಉಪವಾಸ ಕೂರುವುದು. ಅನ್ನ ಇಲ್ಲ, ಗಂಜಿ ಇಲ್ಲ. ನಾವು ಒಳಗೆ ಉಣ್ಣಬೇಕು, ಅವಳು ಹೊರಗೆ ಹಸಿದು ಕೂತಿರಬೇಕು. ಅವಳನ್ನು ದಾಟಿಕೊಂಡೇ ನಾನು ಬಾವಿಗೆ ಹೋಗುತ್ತಿದ್ದೆ. ಒಂದು ಸಲ ಅವ್ವ ನನ್ನ ಕೈಯಲ್ಲಿ ಮಜ್ಜಿಗೆ ನೀರು ಕೊಟ್ಟು ಕಳಿಸಿದಳು.

"ಒಳಗೆ ತಗಂಡು ಹೋಗು ಮಗಾ," ಅಂದಳು ದೊಡ್ಡವ್ವ. "ನಿಮ್ಮ ಮನೆ ನೀರು ನನ್ನ ಗಂಟಲಲ್ಲಿ ಇಳೀತಿಲ್ಲೆ."

ನಾಲ್ಕನೇ ದಿನ ಅಪ್ಪ ಆಗರದ ಕಡೆಗೆ ಹೋಗಿದ್ದಾಗ ಅವ್ವ ಹಿತ್ತಲಿಗೆ ಹೋಗಿ ಎಮ್ಮೆಯ ಹಗ್ಗ ಬಿಚ್ಚಿದಳು. "ಈ ಕೂಗಿನಲ್ಲಿ ನನ್ನ ಕೈಲಿ ಸಂಸಾರ ಮಾಡಲಿಕ್ಕೆ ಆಗೂದಿಲ್ಲ" ಅಂದಳು. ಅಷ್ಟೇ ಅವಳು ಅಂದದ್ದು. ದೇಶ ಗೀಶ ಅನ್ನಲಿಲ್ಲ. ಎಮ್ಮೆ ಯಾರೂ ಹೊಡೆಯದೆ ಬೇಲಿ ಸುತ್ತು ಹಾಕಿ ತನ್ನ ಮನೆಗೆ ಹೋಯಿತು. ದೊಡ್ಡವ್ವ ಮೆಟ್ಟಿಲು ಹಿಡಿದುಕೊಂಡು ಎದ್ದಳು, ಸೆರಗು ಕೊಡವಿದಳು, ಹೋದಳು. ಅಪ್ಪ ಬಂದು ಅವ್ವನಿಗೆ ಎರಡು ಬಾರಿಸಿದ. ಎಮ್ಮೆಯನ್ನು ವಾಪಸು ತರಲು ಮಾತ್ರ ಹೋಗಲಿಲ್ಲ. ಅವನಿಗೂ ಸಾಕಾಗಿತ್ತು.

ಸ್ವಾತಂತ್ರ್ಯ ಬಂದ ದಿನ ಅಪ್ಪ ಬಾವುಟದ ಹತ್ತಿರ ಮುಂದೆ ನಿಂತು ಸಕ್ಕರೆ ತಿಂದ. ಯಾರೂ ಏನೂ ಅನ್ನಲಿಲ್ಲ. ಮರೆತರೋ, ಮರೆತ ಹಾಗೆ ಮಾಡಿದರೋ.

ಇನ್ನು ನನ್ನ ಸುಳ್ಳಿನ ಸಂಗತಿ. ಮಗಳನ್ನು ನೋಡಲು ಅಳಿಯನ ಕಡೆಯವರು ಬಂದಾಗ ಅವನ ಅಜ್ಜನ ಜೈಲುವಾಸದ ಮಾತೇ ಮಾತು. ಕಡೆಗೆ ಅವನ ಸೋದರತ್ತೆ ನನ್ನ ಕಡೆ ತಿರುಗಿ, "ನಿಮ್ಮ ಕಡೆ ಯಾರಾದ್ರೂ ಇದ್ರಾ ಚಳವಳಿಯಲ್ಲಿ?" ಅಂದಳು. ಹುಡುಗ ಒಳ್ಳೆಯವ, ಕೆಲಸ ಒಳ್ಳೆಯದು. ನಾನು, "ನಮ್ಮ ಎಮ್ಮೆ ಜಪ್ತಿಯಾಗಿತ್ತು" ಅಂದುಬಿಟ್ಟೆ. ಬಾಯಿಂದ ಜಾರಿದ್ದಲ್ಲ, ಯೋಚಿಸಿಯೇ ಹೇಳಿದ್ದು.

ನಾನು ಹೇಳಿ ಮುಗಿಸುವಾಗ ದೋಸೆ ಕರಟಿತ್ತು. ಮಗಳು ಸೌಟು ಹಿಡಿದೇ ನಿಂತಿದ್ದಳು.

"ನನ್ನ ಮದುವೇನ ಸುಳ್ಳಿನ ಮೇಲೆ ಮಾಡ್ಸಿದ್ಯಾ ಅಮ್ಮ?"

"ಒಂದು ಎಮ್ಮೆ ಮೇಲೆ ಮಾಡಿಸಿದೆ. ನಿನ್ನ ಸಂಸಾರ ಎಮ್ಮೆ ನಡೆಸ್ಲಿಲ್ಲ, ನೀವಿಬ್ರೂ ನಡೆಸಿದ್ರಿ. ದೋಸೆ ನೋಡು."

"ಅವರಿಗೆ ಏನಂತ ಹೇಳ್ಲಿ ಈಗ? ಊರಿಗೆಲ್ಲ ಹೇಳ್ಕೊಂಡು ಬಂದಿದಾರೆ!"

"ನೀನು ಹೇಳಬೇಡ. ನಾನು ಹೇಳ್ತೇನೆ."

ಹುಡುಗಿ ಇಬ್ಬರ ಕಡೆಗೂ ನೋಡಲಿಲ್ಲ. ತಲೆ ಬಗ್ಗಿಸಿ ಬರೆಯುತ್ತಲೇ ಇದ್ದಳು. ಹಾಳೆ ತುಂಬಿ ಹಿಂದಿನ ಪುಟಕ್ಕೆ ಹೋಗಿದ್ದಳು. ಆಮೇಲೆ ಕೇಳಿದಳು, "ಅಜ್ಜಿ, ಬ್ರಿಟಿಷರು ಎಲ್ಲಿದ್ರು ಇದ್ರಲ್ಲಿ?"

"ನಾನು ನೋಡೇ ಇಲ್ಲ. ಒಬ್ಬ ಬಿಳಿಯವನ ಮುಖ ನಮ್ಮೂರಲ್ಲಿ ಕಂಡವಳಲ್ಲ. ಬರೆದವ ನಮ್ಮ ಶಾನುಭೋಗ, ಹಗ್ಗ ಹಿಡಿದು ಎಳೆದವ ನಮ್ಮ ಉಗ್ರಾಣಿ, ಕೊಂಡವ ನಿನ್ನ ಮುತ್ತಜ್ಜ. ಅವರು ಕರ ಹಾಕಿ ಎಲ್ಲೋ ಕೂತಿದ್ರು. ಜಗಳ ಆದದ್ದು ಬೇಲಿ ಆಚೆ ಈಚೆ."

ಅದನ್ನೂ ಬರೆದುಕೊಂಡಳು.

ಅಳಿಯ ಒಗೆದ ಬಟ್ಟೆಯ ಬುಟ್ಟಿ ಹೊತ್ತು ಮೇಲೆ ಬಂದ. ನಾನು ಕೂತಲ್ಲಿಂದಲೇ ಹೇಳಿದೆ. ಅವನು ಬುಟ್ಟಿ ಕೆಳಗಿಡದೆ ಕೇಳಿದ. ಪೂರ್ತಿ ಕೇಳಿ, "ಓ" ಅಂದ. ಆಮೇಲೆ ರೂಮಿಗೆ ಹೋಗಿ ಬಟ್ಟೆ ಮಡಚಲು ಶುರು ಮಾಡಿದ. ಒಂದೊಂದು ಕಾಲುಚೀಲವನ್ನೂ ಇಸ್ತ್ರಿ ಮಾಡಿದ ಹಾಗೆ ಮಡಚಿದ. ಊಟದ ಹೊತ್ತಿಗೆ ಒಂದೇ ಮಾತು ಮಗಳ ಹತ್ತಿರ ಹೇಳಿದ. "ಟೀಚರಿಗೆ ಬರೀತೀನಿ, ಅತ್ತೆಗೆ ಹುಷಾರಿಲ್ಲ ಅಂತ. ಅಮೆರಿಕಾ ಒಂದೇ ಹೇಳ್ಲಿ ಇವಳು."

"ಬೇಡ," ಅಂದಳು ಹುಡುಗಿ. "ಅಪ್ಪ, ಬರೀಬೇಡ. ನಂಗೆ ಇದೇ ಬೇಕು."

"ಜನ ಏನಂದ್ಕೋತಾರೆ?"

"ಅಲ್ಲಿ ನಿನ್ನ ಜನ ಯಾರೂ ಇಲ್ಲಪ್ಪ."

ಅವನು ನನ್ನ ಜೊತೆ ಮಾತು ಬಿಟ್ಟ. ಜಗಳ ಮಾಡಲಿಲ್ಲ. ಚಹಾ ಬೇಕಾ ಅಂತ ಮಗಳ ಮೂಲಕ ಕೇಳಿಸುತ್ತಿದ್ದ. ಐದು ದಿನ ಹಾಗೇ ಹೋಯಿತು. ನನಗೆ ಅವನ ಮುನಿಸಿಗಿಂತ ಹುಡುಗಿ ಶಾಲೆಯಲ್ಲಿ ಹೇಳಬೇಕಾದ ಗುರುವಾರದ್ದೇ ಚಿಂತೆ. ಹುಡುಗಿಯ ಹೊಟ್ಟೆನೋವು ಬುಧವಾರ ಸಂಜೆಯೇ ಶುರುವಾಗಿತ್ತು. ಅವಳ ಹೊಟ್ಟೆ ನೋಯುತ್ತಿದ್ದದ್ದು ಸುಳ್ಳಲ್ಲ, ಮುಖ ಬಾಡಿತ್ತು. ನಾನು ಓಮಿನ ನೀರು ಮಾಡಿ ಕುಡಿಸಿದೆ.

ಗುರುವಾರ ಬೆಳಿಗ್ಗೆ ಮಗಳು ನನಗೆ ಎರಡು ಸ್ವೆಟರು ಹಾಕಿ ಕಳಿಸಿದಳು. ಶಾಲೆ ಹತ್ತು ನಿಮಿಷದ ದಾರಿ. ಜಾರಬಾರದೆಂದು ದಾರಿಯ ಮೇಲೆ ಸಣ್ಣ ಜಲ್ಲಿ ಹರಡಿರುತ್ತಾರೆ. ನಾನು ಅವಳ ತೋಳು ಹಿಡಿದಿದ್ದೆ. ಯಾರು ಯಾರನ್ನು ಹಿಡಿದಿದ್ದರೋ.

ಕ್ಲಾಸಿನಲ್ಲಿ ನನಗೆ ಬದಿಯಲ್ಲಿ ಒಂದು ಕುರ್ಚಿ ಹಾಕಿದರು. ಟೀಚರು ಚಿಕ್ಕ ವಯಸ್ಸಿನವಳು, ಪ್ಯಾಂಟು ಹಾಕಿದವಳು. ಮಕ್ಕಳು ಅವಳನ್ನು ಹೆಸರು ಹಿಡಿದೇ ಕರೆಯುತ್ತಿದ್ದರು, ಅವಳಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ನನ್ನ ಎರಡೂ ಕೈ ಹಿಡಿದು ಏನೋ ಅಂದಳು. ನಾನು ತಲೆ ಆಡಿಸಿದೆ.

ಮೊಮ್ಮಗಳು ಮುಂದೆ ಹೋಗಿ ನಿಂತಳು. ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದಲು ಶುರು ಮಾಡಿದಳು. ಸ್ವರ ನನ್ನ ಕುರ್ಚಿಗೇ ಕೇಳುತ್ತಿರಲಿಲ್ಲ. ನನಗೆ ಆ ಭಾಷೆ ಬಾರದು, ನಡುನಡುವೆ ಬೋಸ್ಟನ್ ಅಂದದ್ದು ತಿಳಿಯಿತು, ಅಂಕೋಲೆ ಅಂದದ್ದು ತಿಳಿಯಿತು. ಹಿಂದಿನ ಸಾಲಿನ ಇಬ್ಬರು ಪಿಸುಗುಟ್ಟುತ್ತಿದ್ದರು. ಅವಳು ಓದುತ್ತಾ ಓದುತ್ತಾ ಎರಡು ಸಲ ನಿಂತಳು. ಎರಡನೇ ಸಲ ಎಷ್ಟು ಹೊತ್ತು ನಿಂತಳೆಂದರೆ, ಇನ್ನು ಹೊಟ್ಟೆ ಹಿಡಿದುಕೊಂಡು ಓಡುತ್ತಾಳೆ, ಮುಗಿಯಿತು, ಅಂದುಕೊಂಡೆ. ಓಡಲಿಲ್ಲ. ಹೇಗೋ ಮುಗಿಸಿದಳು. ಟೀಚರು ಏನೋ ಬರೆದುಕೊಂಡಳು. ಮುಖ ನೋಡಿದರೆ ಪಾಸೂ ಅಲ್ಲ ಫೇಲೂ ಅಲ್ಲ.

ಆಗ ಕಣ್ಣಿಗೆ ಕಪ್ಪು ಮೆತ್ತಿಕೊಂಡ ಒಬ್ಬಳು ಹುಡುಗಿ ಕೈ ಎತ್ತಿ ಏನೋ ಕೇಳಿದಳು. ಎಲ್ಲರೂ ನನ್ನ ಕಡೆ ತಿರುಗಿದರು. ಮೊಮ್ಮಗಳು ಕೆಂಪಗಾದಳು.

"ಏನಂತೆ?" ಅಂದೆ.

"ಏನಿಲ್ಲ ಅಜ್ಜಿ."

"ಕೇಳಿದ್ದು ನನ್ನನ್ನೇ. ಹೇಳು."

"ನಿನ್ನ ಅಪ್ಪ ದ್ರೋಹಿನಾ ಅಂತ ಕೇಳ್ತಿದಾಳೆ."

"ಹೌದು ಅನ್ನು. ಅವನಿಗೆ ಹಾಲು ಬೇಕಿತ್ತು ಅಂತಲೂ ಅನ್ನು."

ಅವಳು ಅದನ್ನು ಆ ಭಾಷೆಯಲ್ಲಿ ಹೇಳಿದಳು. ಅಷ್ಟು ಹೇಳಿ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ಕಣ್ಣಿಗೆ ಕಪ್ಪು ಮೆತ್ತಿಕೊಂಡವಳು ಮತ್ತೇನೋ ಅಂದಳು, ಇವಳು ತಿರುಗಿ ಅಂದಳು. ಹಿಂದಿನ ಸಾಲಿನವನೊಬ್ಬ ಬಾಯಿ ಹಾಕಿದ, ಅವನಿಗೂ ಅಂದಳು. ಕೈಯಲ್ಲಿದ್ದ ಹಾಳೆ ಮೇಜಿನ ಮೇಲೆ ಬಿತ್ತು, ಅವಳಿಗೆ ಅದರ ಜ್ಞಾನವೇ ಇಲ್ಲ. ಎರಡು ಕೈಯನ್ನೂ ಆಡಿಸುತ್ತಾ, ಬೇಲಿ ಇಲ್ಲಿತ್ತು, ಕರು ಅಲ್ಲಿತ್ತು ಎಂದು ಗಾಳಿಯಲ್ಲಿ ಊರನ್ನೇ ಬರೆದಳು. ನಾನು ಮನೆಯಲ್ಲಿ ಕೇಳುವ ಸ್ವರ ಅದು, ಸಾರಿಗೆ ಖಾರ ಜಾಸ್ತಿ ಅನ್ನುವ ಸ್ವರ. ಇಪ್ಪತ್ತೆಂಟು ಮಕ್ಕಳು ಅವಳ ಮುಖವನ್ನೇ ನೋಡುತ್ತಿದ್ದರು. ಗಂಟೆ ಹೊಡೆದದ್ದು ಅವಳಿಗೆ ಕೇಳಿಸಲಿಲ್ಲ.

ನಾನು ಕುರ್ಚಿಯಿಂದ ಎದ್ದು, ಮೇಜಿನ ಮೇಲೆ ಬಿದ್ದಿದ್ದ ಅವಳ ಹಾಳೆಯನ್ನು ಮಡಚಿ ಸ್ವೆಟರಿನೊಳಗೆ ಇಟ್ಟುಕೊಂಡೆ.

ಹೊರಗೆ ಜಗಲಿಯಲ್ಲಿ ಟೀಚರು ನಮ್ಮ ಹಿಂದೆ ಬಂದು ಅವಳಿಗೆ ಏನೋ ಹೇಳಿದಳು. ನಾನು ಹುಡುಗಿಯ ಮುಖ ನೋಡಿದೆ. ಯಾರೂ ಹೇಳಬೇಕಾಗಲಿಲ್ಲ.

"ಪಾಸು," ಅಂದಳು ಆದರೂ. "ಬರೀ ಪಾಸಲ್ಲ ಅಜ್ಜಿ, ಅದರ ಮೇಲಿಂದು."

"ಏನು ಹೇಳ್ದೆ ಅವರಿಗೆಲ್ಲ ಅಷ್ಟು ಹೊತ್ತು?"

"ಅಮೆರಿಕಾದಲ್ಲೂ ರಾಜನ ಕಡೆ ನಿಂತೋರು ಇದ್ರು, ಅವರೂ ಪಕ್ಕದ ಮನೆಯವರೇ. ಪುಸ್ತಕದಲ್ಲಿ ಅವರ ಬಗ್ಗೆ ಎರಡೇ ಸಾಲು ಇದೆ. ಯಾಕೆ ಅಂದ್ರೆ ಯಾರೂ ನಮ್ಮಪ್ಪ ಅದನ್ನ ಮಾಡ್ದ ಅಂತ ಹೇಳಲ್ಲ, ನಮ್ಮಜ್ಜಿ ಹೇಳಿದ್ರು ಅಂದೆ."

"ದ್ರೋಹಿ ಅಂದವಳಿಗೆ?"

"ನೀನಾಗಿದ್ರೆ ಏನು ಮಾಡ್ತಿದ್ದೆ, ನಿಜ ಹೇಳು ಅಂದೆ."

ಶಾಲೆಯ ಅಂಗಳದಲ್ಲಿ ಬೆಂಚಿನ ಮೇಲೆ ಕೂತೆವು. ಬಿಸಿಲು ಬಂದಿತ್ತು, ಮಾಡಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಅವಳು ಅಪ್ಪನಿಗೆ ಫೋನು ಮಾಡಿದಳು. ಅರ್ಧ ಕನ್ನಡ, ಅರ್ಧ ಆ ಭಾಷೆ, ಒಂದೇ ಉಸಿರಿಗೆ ಎಲ್ಲ ಹೇಳಿದಳು. ಆಮೇಲೆ ಫೋನನ್ನು ನನ್ನ ಕಡೆ ಚಾಚಿದಳು.

"ಅಪ್ಪ. ನೀನೇ ಬೇಕಂತೆ."

ನಾನು ಕಿವಿಗೆ ಇಟ್ಟುಕೊಂಡೆ. ಆ ಕಡೆ ಆಫೀಸಿನ ಗದ್ದಲ. ಅವನು ಗಂಟಲು ಸರಿಮಾಡಿಕೊಂಡ.

"ಅತ್ತೆ, ಪಾಸಂತೆ."

"ಹೂಂ. ನಾನೂ ಇಲ್ಲೇ ಇದ್ದೆ."

ಅಷ್ಟೇ ಮಾತು ಅಂದುಕೊಂಡು ಫೋನು ಹಿಂದೆ ಕೊಡಲು ಹೊರಟೆ.

"ಸಂಜೆ ಬೇಗ ಬರ್ತೀನಿ," ಅಂದ. "ಬರ್ತಾ ಮೀನು ತರ್ಲಾ?"

"ತನ್ನಿ," ಅಂದೆ. "ಹೆಪ್ಪುಗಟ್ಟಿದ್ದು ಬೇಡ. ಕಣ್ಣು ನೋಡಿ ತನ್ನಿ."